ಈ ಅಕ್ಕಿ ಎಲ್ಲಿಂದ ಬಂತು?

ಬಾಂದ್ರಾದಿಂದ ಮಾಹಿಮ್‌ಗೆ ಬರುವ ಕಾಸ್‌ವೇಯನ್ನು ಮುಂಬೈಯವರು ದಿನವೂ ದಾಟುತ್ತಾರೆ. 1845ಕ್ಕೆ ಮುಂಚೆ ಅಲ್ಲಿ ದಾರಿ ಇರಲಿಲ್ಲ. ಬಾಂದ್ರಾದಿಂದ ನೇರವಾಗಿ ಮಾಹಿಮ್‌ಗೆ ಬರಬೇಕಾದವರು ದೋಣಿ ಹತ್ತಬೇಕಿತ್ತು. ಮಳೆಗಾಲದಲ್ಲಿ ದೋಣಿ ಮಗುಚಿದರೆ ಜೀವದ ಆಸೆ ಬಿಡಬೇಕಿತ್ತು. ದಾರಿ ಕಟ್ಟಿಸಲು ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರ ಹಣ ಬಿಚ್ಚಲಿಲ್ಲ. ಆಗ ಪಾರ್ಸಿ ಮನೆತನದ ಆವಾಬಾಯಿ ಎಂಬ ಗೃಹಿಣಿ 1,57,000 ರೂಪಾಯಿ ಕೊಟ್ಟರು. ಅವರು ಹಾಕಿದ ಷರತ್ತು ಒಂದೇ: ಈ ದಾರಿಯಲ್ಲಿ ನಡೆಯುವವರಿಂದ ಸರ್ಕಾರ ಸುಂಕ ವಸೂಲು ಮಾಡಕೂಡದು. ಅದೇ ವರ್ಷ ಅವರ ಪತಿ ಜಮ್ಸೆಟ್‌ಜೀ ಜೀಜೀಭಾಯ್ ಅವರ ದಾನದಿಂದ ಭಾಯಖಳದಲ್ಲಿ ಜೆ.ಜೆ. ಆಸ್ಪತ್ರೆ ತೆರೆಯಿತು. ಕೈಯಲ್ಲಿ ಕಾಸಿಲ್ಲದೆ ಈ ಊರಿಗೆ ಬಂದ ಎಷ್ಟೋ ತಲೆಮಾರುಗಳ ಬಡವರಿಗೆ ಕಾಯಿಲೆ ಬಿದ್ದಾಗ ಇದ್ದ ಆಸರೆ ಆ ಆಸ್ಪತ್ರೆ.

ಇಂಥ ದಾನದ ಮುಂದೆ ತಲೆಬಾಗುವುದು ಸಹಜ. ಆದರೆ ಆ ಹಣದ ಮೂಲವನ್ನು ಹುಡುಕಿಕೊಂಡು ಹೊರಟರೆ ಬೇರೆಯದೇ ಒಂದು ಚಿತ್ರ ಕಾಣುತ್ತದೆ. ಜೀಜೀಭಾಯ್ ಅವರ ಸಂಪತ್ತಿನಲ್ಲಿ ಹತ್ತಿಯ ಪಾಲಿತ್ತು. ಅದಕ್ಕಿಂತ ದೊಡ್ಡ ಪಾಲು ಅಫೀಮಿನದು. ಆ ಅಫೀಮು ಹೋಗುತ್ತಿದ್ದದ್ದು ಚೀನಾಕ್ಕೆ. ಚೀನಾದಲ್ಲಿ ಅದು 1729ರಿಂದಲೇ ನಿಷಿದ್ಧ. ಮುಂಬೈ ಬಂದರಿನಲ್ಲಿ ಸುಂಕ ಕಟ್ಟಿ, ಕಾಗದಪತ್ರ ಮಾಡಿಸಿ ಹಡಗು ಹತ್ತಿದ ಸರಕು ಕಡಲು ದಾಟುವಷ್ಟರಲ್ಲಿ ಕಳ್ಳಮಾಲಾಗುತ್ತಿತ್ತು. ನಾವು ಓಡಾಡುವ ರಸ್ತೆಯಲ್ಲೂ ನಮಗೆ ಔಷಧ ಕೊಟ್ಟ ಆಸ್ಪತ್ರೆಯಲ್ಲೂ ಆ ಕಳ್ಳಸಾಗಣೆಯ ಲಾಭ ಸೇರಿದೆ. ಇದನ್ನು ಅರಿತ ಮೇಲೆ ನಾವು ಏನನ್ನು ಯೋಚಿಸಬೇಕು? ಸತ್ತವರ ಮೇಲೆ ತೀರ್ಪು ಕೊಡಲು ಈ ಪ್ರಶ್ನೆ ಕೇಳುತ್ತಿಲ್ಲ. ಇದು ನಮ್ಮ ಬದುಕಿಗೂ ತಟ್ಟುವ ಪ್ರಶ್ನೆ.

ಕಥೆ ದ್ವೀಪದಿಂದಲೇ ಶುರುವಾಗುತ್ತದೆ. 1661ರ ಮದುವೆ ಒಪ್ಪಂದದಲ್ಲಿ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳ ಜೊತೆಗೆ ಮುಂಬೈ ವರದಕ್ಷಿಣೆಯಾಗಿ ಇಂಗ್ಲೆಂಡಿನ ಎರಡನೇ ಚಾರ್ಲ್ಸನಿಗೆ ಬಂತು. 1668ರಲ್ಲಿ ದೊರೆ ಅದನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಕಂಪನಿಗೆ ಕೊಟ್ಟ. ಉಬ್ಬರ ಬಂದಾಗ ಏಳು ತುಂಡಾಗುತ್ತಿದ್ದ ನೆಲ. ತೆಂಗು, ಮೀನು, ಉಪ್ಪಿನ ಗದ್ದೆ, ಕೋಳಿ ಬೆಸ್ತರ ಹಟ್ಟಿಗಳು. ಸುತ್ತಣ ವಸಾಯಿ, ಠಾಣೆ, ಕರಂಜಾ ಎಲ್ಲ ಪೋರ್ಚುಗೀಸರ ಕೈಯಲ್ಲೇ ಉಳಿದವು. ದ್ವೀಪದಿಂದ ಒಳನಾಡಿಗೆ ಹೋಗುವ ಸರಕಿನ ಮೇಲೆ ಅವರು ಠಾಣೆಯಲ್ಲೂ ಕರಂಜಾದಲ್ಲೂ ಭಾರಿ ಸುಂಕ ಹೇರಿದರು. ಸುತ್ತ ಸುಂಕದ ಕಟ್ಟೆಗಳೇ ಇರುವ ಪುಟ್ಟ ದ್ವೀಪದಲ್ಲಿ ಕಳ್ಳದಾರಿ ಹುಟ್ಟುವುದಕ್ಕೆ ಬೇರೆ ಕಾರಣ ಬೇಕಿಲ್ಲ. ಕತ್ತಲಾದರೆ ಸಾಕು, ನೂರು ಖಾರಿಗಳಿವೆ, ಸಾವಿರ ದೋಣಿಗಳಿವೆ.

ಆ ದ್ವೀಪಕ್ಕೆ ಒಳ್ಳೆಯ ಆಡಳಿತಗಾರರೂ ಸಿಕ್ಕಿದ್ದರು. 1669ರಿಂದ 1677ರವರೆಗೆ ಗವರ್ನರ್ ಆಗಿದ್ದ ಜೆರಾಲ್ಡ್ ಆಂಜಿಯರ್ 1672ರಲ್ಲಿ ನ್ಯಾಯಾಲಯ ತೆರೆದ. ಜಮೀನಿನ ಹಕ್ಕಿನ ತಕರಾರನ್ನು ನಿವಾಸಿಗಳ ಜೊತೆ ಒಪ್ಪಂದ ಮಾಡಿಕೊಂಡು ಬಗೆಹರಿಸಿದ. ಬೇರೆ ಬೇರೆ ಧರ್ಮದ ವ್ಯಾಪಾರಿಗಳು ಇಲ್ಲಿ ನೆಲೆಸಲಿ ಎಂದು ಅವರವರ ಆಚಾರಕ್ಕೆ ಅಡ್ಡಿ ಬರಲಿಲ್ಲ. ಮುಂಬೈಯ ಬೆರೆತ ಬದುಕಿನ ಬೇರು ಅಲ್ಲಿದೆ ಎಂದರೆ ತಪ್ಪಿಲ್ಲ.

ಆದರೆ ಅಡಿಪಾಯದಲ್ಲೇ ಒಂದು ದೋಷವಿತ್ತು. ಸುಂಕ ಎತ್ತುವವನೂ ಕಂಪನಿ, ಸರಕು ಮಾರುವವನೂ ಕಂಪನಿ, ತಪ್ಪಿತಸ್ಥ ಯಾರೆಂದು ನಿರ್ಣಯಿಸುವ ನ್ಯಾಯಾಧೀಶನಿಗೆ ಸಂಬಳ ಕೊಡುವವನೂ ಕಂಪನಿ. ಕೆಳದರ್ಜೆಯ ಗುಮಾಸ್ತರಿಗೆ ಅದು ಕೊಡುತ್ತಿದ್ದದ್ದು ವರ್ಷಕ್ಕೆ ಕೆಲವೇ ಪೌಂಡ್. ಉಳಿದದ್ದನ್ನು ಖಾಸಗಿ ವ್ಯಾಪಾರದಲ್ಲಿ ಗಿಟ್ಟಿಸಿಕೊಳ್ಳಲಿ ಎಂಬುದು ಎಲ್ಲರಿಗೂ ಗೊತ್ತಿದ್ದ ಏರ್ಪಾಡು. ಸೈನಿಕರ ಸಂಬಳ ಭತ್ಯೆಗೂ ಕತ್ತರಿ ಬಿದ್ದಾಗ, 1683ರ ಡಿಸೆಂಬರಿನಲ್ಲಿ ಕ್ಯಾಪ್ಟನ್ ರಿಚರ್ಡ್ ಕೀಗ್ವಿನ್ ದಂಗೆಯೆದ್ದು ದ್ವೀಪವನ್ನೇ ವಶಮಾಡಿಕೊಂಡ. ದೊರೆಯ ಹೆಸರಿನಲ್ಲಿ ಸುಮಾರು ಒಂದು ವರ್ಷ ಆಳಿದ. ನೌಕರನ ಹೊಟ್ಟೆಗೆ ಸಾಲದಷ್ಟು ಕೊಟ್ಟು ಅವನಿಂದ ಪ್ರಾಮಾಣಿಕತೆಯನ್ನು ನಿರೀಕ್ಷಿಸುವ ಆಡಳಿತ ಕಳ್ಳತನಕ್ಕೆ ತಾನೇ ಬಾಗಿಲು ತೆಗೆದಿಡುತ್ತದೆ. ಆ ಬಾಗಿಲನ್ನು ಮುಂದೆ ಬಂದವರು ಯಾರೂ ಪೂರ್ತಿ ಮುಚ್ಚಲಿಲ್ಲ.

ಈ ದೋಷ ಹಣ್ಣಾದದ್ದು ಅಫೀಮಿನ ಕಾಲದಲ್ಲಿ. ಇಂಗ್ಲೆಂಡಿಗೆ ಚೀನಾದ ಚಹಾ ಬೇಕಿತ್ತು, ಅದಕ್ಕೆ ಬೆಳ್ಳಿ ತೆರಬೇಕಿತ್ತು. ಬೆಳ್ಳಿಯ ಬದಲು ಕಂಪನಿ ಕಂಡುಕೊಂಡ ದಾರಿ ಅಫೀಮು. ಬಿಹಾರ, ಬನಾರಸ್ ಸೀಮೆಯ ಅಫೀಮು ಕಂಪನಿಯ ಸ್ವಂತ ಗುತ್ತಿಗೆ. ಆದರೆ ಮಾಳವದಲ್ಲೂ ಗಸಗಸೆ ಬೆಳೆಯುತ್ತಿತ್ತು. ಅದು ಹೋಳ್ಕರ್, ಸಿಂಧಿಯಾ ಮೊದಲಾದ ಸಂಸ್ಥಾನಗಳ ನೆಲ, ಅಲ್ಲಿ ಕಂಪನಿಯ ಮಾತು ನಡೆಯುತ್ತಿರಲಿಲ್ಲ. ರೈತರು ಗಸಗಸೆಯ ಹಸಿಕಾಯಿಗೆ ಸಂಜೆ ಗೀರು ಹಾಕಿ, ರಾತ್ರಿಯೆಲ್ಲ ಒಸರಿ ಕಂದಿದ ಹಾಲನ್ನು ಬೆಳಗ್ಗೆ ಕೆರೆದು ತೆಗೆದು ಅಗಸೆ ಎಣ್ಣೆಯಲ್ಲಿ ಕೂಡಿಡುತ್ತಿದ್ದರು. ಅದನ್ನು ನಾದಿ ಮುದ್ದೆ ಕಟ್ಟಿ, ಒಂದೊಂದರಲ್ಲಿ ಸುಮಾರು 63 ಕಿಲೋ ಹಿಡಿಯುವ ಪೆಟ್ಟಿಗೆಗೆ ತುಂಬುತ್ತಿದ್ದರು. ಈ ಮಾಳವದ ಮಾಲು ಚೀನಾ ಸೇರಿದರೆ ತನ್ನ ಮಾಲಿನ ಬೆಲೆ ಇಳಿಯುತ್ತದೆಂದು ಹೆದರಿ, 19ನೇ ಶತಮಾನದ ಆರಂಭದಲ್ಲಿ ಕಂಪನಿ ಮುಂಬೈ ಮೂಲಕ ಅದರ ಸಾಗಾಟವನ್ನೇ ನಿಷೇಧಿಸಿತು. ಅಫೀಮು ಮಾಡುವ ಕೇಡಿಗೆ ಮರುಗಿ ಹಾಕಿದ ನಿಷೇಧ ಅದಾಗಿರಲಿಲ್ಲ.

ಪೆಟ್ಟಿಗೆಗಳು ಬೇರೆ ದಾರಿ ಹಿಡಿದವು. ರಜಪೂತಾನದ ಪಾಲಿ, ಜೈಸಲ್ಮೇರ್ ದಾಟಿ ಮರಳುಗಾಡಿನ ಮೂಲಕ ಕರಾಚಿ, ಅಲ್ಲಿಂದ ಹಡಗಿನಲ್ಲಿ ಪೋರ್ಚುಗೀಸರ ದಮನ್, ದಮನಿನಿಂದ ಚೀನಾ. ಈ ಕಳ್ಳಸಾಗಣೆಗೆ ಹಣ ಹೂಡಿದವರಲ್ಲಿ ಮುಂಬೈಯ ಕೋಟೆಯೊಳಗೆ ಕೋಠಿ ಇಟ್ಟುಕೊಂಡಿದ್ದ ಮಾರ್ವಾಡಿ, ಗುಜರಾತಿ, ಪಾರ್ಸಿ ವರ್ತಕರಿದ್ದರು. ಗೋವೆಯ ಮೂಲದ ರೋಜರ್ ಡಿ ಫರಿಯಾರಂಥವರಿದ್ದರು. ಕಂಪನಿ ರಾಜರಿಗೆ ಹಣ ಕೊಟ್ಟು ದಾರಿ ಮುಚ್ಚಿಸಲು ನೋಡಿತು, ತಾನೇ ಮಾಲು ಕೊಂಡು ನೋಡಿತು, ಎರಡೂ ಕೈಗೂಡಲಿಲ್ಲ. ಕೊನೆಗೆ 1831ರಲ್ಲಿ ಸೋಲೊಪ್ಪಿ, ರಹದಾರಿ ಶುಲ್ಕ ಕಟ್ಟಿದರೆ ಮಾಳವದ ಅಫೀಮು ನೇರ ಮುಂಬೈಗೆ ಬರಬಹುದೆಂದಿತು. 1835ರಲ್ಲಿ ಆ ಶುಲ್ಕ ಪೆಟ್ಟಿಗೆಗೆ 125 ರೂಪಾಯಿ. 1843ರಲ್ಲಿ ಸಿಂಧ್ ಬ್ರಿಟಿಷರ ವಶವಾಗಿ ಕರಾಚಿಯ ಕಳ್ಳದಾರಿ ಮುಚ್ಚಿತು; ಬೇರೆ ಗತಿಯಿಲ್ಲವೆಂದು ಗೊತ್ತಾದ ಮೇಲೆ ಶುಲ್ಕ ಏರುತ್ತಾ 1847ರಲ್ಲಿ 400 ರೂಪಾಯಿಗೆ ಮುಟ್ಟಿತು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ನಿನ್ನೆಯವರೆಗೆ ಕಳ್ಳಮಾಲಾಗಿದ್ದ ಪೆಟ್ಟಿಗೆ ಒಂದು ಚೀಟಿಯ ದೆಸೆಯಿಂದ ಮರ್ಯಾದಸ್ಥ ವ್ಯಾಪಾರದ ಸರಕಾಯಿತು. ಪೆಟ್ಟಿಗೆಯೊಳಗಿನ ವಸ್ತು ಅದೇ. ಬೆಳೆದವನು, ಹೊತ್ತವನು, ಸೇದಿ ಹಾಳಾಗುವವನು ಎಲ್ಲರೂ ಅವರೇ. ಬದಲಾದದ್ದು ಸರ್ಕಾರದ ಬೊಕ್ಕಸಕ್ಕೆ ಸೇರುವ ಪಾಲು ಮಾತ್ರ. ಕಾನೂನು ಹೀಗೆ ಬೊಕ್ಕಸವನ್ನಷ್ಟೇ ಕಾಯತೊಡಗಿದರೆ ಪ್ರಜೆ ಅದಕ್ಕೆ ಹೆದರಬಹುದು, ಅದನ್ನು ಗೌರವಿಸಲಾರ. ಸಿಕ್ಕಿಬೀಳದಿದ್ದರೆ ತಪ್ಪೇನಿಲ್ಲ ಎಂಬ ಪಾಠವನ್ನು ಸಮಾಜ ಕಲಿಯುವುದು ಇಂಥ ಕಾನೂನಿನಿಂದಲೇ.

ಇತಿಹಾಸಕಾರ ಅಮರ್ ಫಾರೂಕಿ ಈ ಕಳ್ಳಸಾಗಣೆಯನ್ನು ಕಂಪನಿಯ ಏಕಸ್ವಾಮ್ಯವನ್ನು ಭಾರತೀಯ ವರ್ತಕರು ಒಳಗಿನಿಂದಲೇ ಮುರಿದ ಬಗೆಯಾಗಿ ಕಂಡಿದ್ದಾರೆ. ಅದರಲ್ಲಿ ಸತ್ಯವಿದೆ. ಬಂಗಾಳದಲ್ಲಿ ಲಾಭವೆಲ್ಲ ಕಂಪನಿಯ ಪಾಲಾಯಿತು. ಪಶ್ಚಿಮದಲ್ಲಿ ದೊಡ್ಡ ಪಾಲು ಇಲ್ಲಿನವರ ಕೈಯಲ್ಲೇ ಉಳಿದು ಮುಂಬೈಯ ಬಂಡವಾಳವಾಯಿತು. ಪರದೇಶಿ ಕಂಪನಿಯ ಕಟ್ಟೆ ಒಡೆದವರ ಧೈರ್ಯವನ್ನು ಮೆಚ್ಚಬಹುದು. ಆದರೆ ಆ ಧೈರ್ಯದ ಬೆಲೆ ತೆತ್ತವರು ಲಂಡನ್ನಿನ ಪಾಲುದಾರರಾಗಿರಲಿಲ್ಲ, ಕಡಲಾಚೆಯ ಅಪರಿಚಿತ ಮನೆಗಳವರು. ಬಲಶಾಲಿಯ ವಿರುದ್ಧ ತೊಡೆ ತಟ್ಟಿ ಅದರ ಖರ್ಚನ್ನು ದುರ್ಬಲನ ಲೆಕ್ಕಕ್ಕೆ ಬರೆಯುವ ಬಂಡಾಯದಲ್ಲಿ ನ್ಯಾಯ ಅರ್ಧಕ್ಕೇ ನಿಂತುಬಿಡುತ್ತದೆ.

ಆ ಅಪರಿಚಿತರ ಪರವಾಗಿ ಎದ್ದು ನಿಂತವನು ಚೀನಾದ ಅಧಿಕಾರಿ ಲಿನ್ ಜೆಶು. ಕಂಪನಿ ತನ್ನ ಸ್ವಂತ ಹಡಗುಗಳಲ್ಲಿ ಅಫೀಮು ಒಯ್ಯುತ್ತಿರಲಿಲ್ಲ. ಕಲ್ಕತ್ತೆಯಲ್ಲಿ ಹರಾಜು ಹಾಕಿ ಕೈ ತೊಳೆದುಕೊಳ್ಳುತ್ತಿತ್ತು. ಖಾಸಗಿ ಹಡಗುಗಳು ಅದನ್ನು ಕ್ಯಾಂಟನ್ ನದೀಮುಖದ ಲಿಂಟಿನ್ ದ್ವೀಪದ ಬಳಿ ಲಂಗರು ಹಾಕಿದ ಹಳೆಯ ಹಡಗುಗಳಿಗೆ ಇಳಿಸಿದರೆ, ರಾತ್ರಿ ಚೀನೀ ಕಳ್ಳದೋಣಿಗಳು ಬಂದು ಒಯ್ಯುತ್ತಿದ್ದವು. ಕರಾವಳಿಯ ಅಧಿಕಾರಿಗಳಿಗೆ ಮಾಮೂಲು ಸಂದಾಯವಾಗುತ್ತಿತ್ತು. ಚಕ್ರವರ್ತಿ ಕಳಿಸಿದ ಲಿನ್ ಮಾಮೂಲಿಗೆ ಬಗ್ಗಲಿಲ್ಲ. 1839ರ ಜೂನ್‌ನಲ್ಲಿ ಹೂಮೆನ್ ಎಂಬಲ್ಲಿ ಹೊಂಡ ತೋಡಿಸಿ, ವಶಪಡಿಸಿಕೊಂಡ 20 ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ನೀರು, ಉಪ್ಪು, ಸುಣ್ಣದಲ್ಲಿ ಕದಡಿ ಸಮುದ್ರಕ್ಕೆ ಹರಿಸಿದ. ಅದಕ್ಕೆ ಮುಂಚೆ ಅವನು ಸಮುದ್ರದೇವತೆಗೆ ಪೂಜೆ ಸಲ್ಲಿಸಿದ. ಈ ಕೊಳಕನ್ನು ನಿನ್ನಲ್ಲಿ ಬಿಡಬೇಕಾಗಿದೆ, ನಿನ್ನ ಜಲಚರಗಳು ದೂರ ಸರಿಯಲಿ ಎಂದು ಬಿನ್ನವಿಸಿಕೊಂಡ. ಆ ದಿನಗಳ ಇಡೀ ದಾಖಲೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಈ ಪ್ರಾರ್ಥನೆ. ಸಾವಿರ ಮಂದಿ ಸಾವಿರ ಲೆಕ್ಕ ಬರೆದ ವ್ಯವಹಾರದಲ್ಲಿ ಒಬ್ಬ ಅಧಿಕಾರಿಗೆ ಮೀನಿಗಾಗುವ ತೊಂದರೆಯೂ ನೆನಪಿಗೆ ಬಂತು.

ಬ್ರಿಟಿಷರಿಂದ ಉತ್ತರವಾಗಿ ಬಂದದ್ದು ಯುದ್ಧ. 1842ರ ಆಗಸ್ಟ್ 29ರಂದು ಸೋತ ಚೀನಾ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಹಾಕಿದ್ದು ‘ಕಾರ್ನ್‌ವಾಲಿಸ್’ ಎಂಬ ಯುದ್ಧನೌಕೆಯ ಮೇಲೆ. ಆ ನೌಕೆ 1813ರಲ್ಲಿ ಮುಂಬೈಯ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದ ಕುಶಲಿಗಳು ಸಾಗುವಾನಿಯಲ್ಲಿ ಕಟ್ಟಿದ್ದು. ಚೀನಾ ತೆರಬೇಕಾದ 2 ಕೋಟಿ 10 ಲಕ್ಷ ಬೆಳ್ಳಿ ಡಾಲರಿನಲ್ಲಿ 60 ಲಕ್ಷ ನಾಶವಾದ ಅಫೀಮಿನ ಪರಿಹಾರ. ಅದೇ ವರ್ಷ ಜೀಜೀಭಾಯ್ ಅವರಿಗೆ ನೈಟ್ ಪದವಿ ಬಂತು. ಆ ಗೌರವ ಪಡೆದ ಮೊದಲ ಭಾರತೀಯ ಅವರು. ಮುಂಬೈಯಲ್ಲಿ ಕಟ್ಟಿದ ಹಡಗು, ಮುಂಬೈಯ ಕೈಗಳ ಕಸುಬು, ಮುಂಬೈಯ ದಾನ ಎಲ್ಲವೂ ಒಂದೇ ಕೊಂಡಿಯಲ್ಲಿದ್ದವು. ಹಡಗಿನ ಹಲಗೆ ಕೂಡಿಸಿದ ಬಡಗಿಯನ್ನು ನಾವು ದೂರಲಾರೆವು. ಆದರೆ ಸಮಾಜವೊಂದು ಒಟ್ಟಾಗಿ ಹೇಗೆ ಕೇಡಿನಲ್ಲಿ ಪಾಲುಗೊಳ್ಳುತ್ತದೆ, ಯಾರೊಬ್ಬರ ಕೈಯೂ ಪೂರ್ತಿ ಮಲಿನವಾಗದೆ ಹೇಗೆ ದೊಡ್ಡ ಅನ್ಯಾಯ ನಡೆದುಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹಾಗಾದರೆ ಆ ದಾನಗಳನ್ನು ಏನೆಂದು ಕರೆಯೋಣ? ಗೋವನ್ನು ಕೊಂದು ಚಪ್ಪಲಿ ದಾನ ಮಾಡಿದ ಹಾಗೆ ಎಂಬ ಗಾದೆ ನಮ್ಮ ನಾಲಿಗೆಯ ತುದಿಯಲ್ಲಿದೆ. ನಾನು ಅಷ್ಟು ಸುಲಭವಾಗಿ ಆ ಮಾತಾಡಲಾರೆ. ಜೀಜೀಭಾಯ್ ಎಳೆಯ ವಯಸ್ಸಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಬಡತನದಿಂದ ಮೇಲೆ ಬಂದವರು. ಅವರ ಕೊಡುಗೈ ತೋರಿಕೆಯದಾಗಿರಲಿಲ್ಲ. ಅವರಂತೆಯೇ ಗಳಿಸಿ ಒಂದು ಕಾಸನ್ನೂ ಬಿಚ್ಚದವರು ನೂರಾರು ಮಂದಿ ಇದ್ದರು. ಅವರ ಹೆಸರು ಯಾರಿಗೂ ನೆನಪಿಲ್ಲ. ದಾನ ನಿಜ, ಅದರಿಂದಾದ ಉಪಕಾರವೂ ನಿಜ. ಆದರೆ ಉಪಕಾರ ಪಡೆದವರು ಒಂದು ಊರಿನವರು, ಅಪಕಾರಕ್ಕೆ ಗುರಿಯಾದವರು ಇನ್ನೊಂದು ಊರಿನವರು. ಇಲ್ಲಿಯ ರೋಗಿಗೆ ಕೊಟ್ಟ ಔಷಧದಿಂದ ಅಲ್ಲಿಯ ವ್ಯಸನಿಯ ಸಾಲ ತೀರುವುದಿಲ್ಲ. ಆ ಎರಡು ಲೆಕ್ಕಗಳನ್ನು ಒಂದರೊಳಗೊಂದು ವಜಾ ಮಾಡದೆ, ಎರಡನ್ನೂ ಎದುರಿಗಿಟ್ಟುಕೊಂಡು ನೋಡುವುದು ನಮ್ಮ ಹೊಣೆ.

ಈ ಲೆಕ್ಕವನ್ನು ನಮ್ಮ ನಾಡಿನಲ್ಲಿ ಒಬ್ಬ ಹೆಣ್ಣುಮಗಳು ಎಂಟುನೂರು ವರ್ಷಗಳ ಹಿಂದೆಯೇ ಇತ್ಯರ್ಥ ಮಾಡಿದ್ದಳು. ಕಲ್ಯಾಣದ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುವುದು ಅವಳ ಗಂಡ ಮಾರಯ್ಯನ ಕಾಯಕ. ಆ ಅಕ್ಕಿಯಿಂದ ದಾಸೋಹ ಮಾಡುವುದು ಲಕ್ಕಮ್ಮ ಎಂಬ ಆ ಹೆಣ್ಣುಮಗಳ ಕೆಲಸ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಚ್ಚು ಜನಕ್ಕೆ ಉಣಬಡಿಸಬಹುದೆಂದು ಅವಳು ಹಿಗ್ಗಲಿಲ್ಲ. ಇಷ್ಟು ಎಲ್ಲಿಂದ ಬಂತು ಎಂದು ಕೇಳಿದಳು, ಮಿಕ್ಕಿದ್ದನ್ನು ತಂದಲ್ಲೇ ಸುರಿದು ಬಾ ಎಂದು ಕಳಿಸಿದಳು. ದಾಸೋಹಕ್ಕೆ ಬೆಲೆ ಬರುವುದು ಕಾಯಕ ಸತ್ಯಶುದ್ಧವಾಗಿದ್ದರೆ ಎಂಬುದು ಅವಳ ನಿಲುವು. ಗಳಿಕೆಯ ದಾರಿಯನ್ನು ಮರೆತು ವಿನಿಯೋಗದ ದಾರಿಯನ್ನಷ್ಟೇ ಹೊಗಳುವುದನ್ನು ಅವಳು ಒಪ್ಪುತ್ತಿರಲಿಲ್ಲ. ಆ ಪ್ರಶ್ನೆ ಅರಮನೆಯಿಂದ ಬರಲಿಲ್ಲ, ಸುಂಕದ ಕಟ್ಟೆಯಿಂದಲೂ ಬರಲಿಲ್ಲ. ಅಡುಗೆಮನೆಯಿಂದ ಬಂತು.

ಕಾನೂನು ಮುರಿದವರೆಲ್ಲ ಒಂದೇ ಎಂದು ಹೇಳಿದರೆ ಇದೇ ಮುಂಬೈಯ ಕಡಲ ದಂಡೆ ಒಪ್ಪುವುದಿಲ್ಲ. 1930ರಲ್ಲಿ ಸರ್ಕಾರದ ಕಣ್ಣಿಗೆ ಉಪ್ಪೂ ಕಳ್ಳಮಾಲಾಗಿತ್ತು. ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ಉಪ್ಪಿನ ಪೊಟ್ಟಣಗಳನ್ನು ಹಿಡಿದು ಮುಂಬೈಯ ಷೇರುಪೇಟೆಗೇ ಹೋಗಿ ಮಾರಿದರು, ಸೆರೆಮನೆಗೂ ಹೋದರು. ವಡಾಲಾದ ಉಪ್ಪಿನ ಕೋಠಿಗೆ ಸಾವಿರಾರು ಜನ ನುಗ್ಗಿ ಲಾಠಿಯೇಟು ತಿಂದರು. ಅದೇ ವರ್ಷದ ಏಪ್ರಿಲ್ 13ರಂದು ನಮ್ಮ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪು ಎತ್ತಿದರು. ಉಪ್ಪಿನ ಯಾತ್ರೆಗೆ ಹೊರಡುವ ಮುಂಚೆ ಗಾಂಧೀಜಿ ವೈಸ್‌ರಾಯ್‌ಗೆ ಪತ್ರ ಬರೆದು, ತಾವು ಕಾನೂನು ಮುರಿಯಲಿರುವುದನ್ನು ತಿಳಿಸಿದ್ದರು. ಇವರು ಹಗಲಿನಲ್ಲಿ ಮುರಿದರು, ಹೆಸರು ಹೇಳಿ ಮುರಿದರು, ಶಿಕ್ಷೆಯನ್ನು ಬೇಡಿ ಪಡೆದರು. ಲಾಭ ಬಂದಿದ್ದರೆ ಎಲ್ಲರಿಗೆ, ಪೆಟ್ಟು ಬಿದ್ದದ್ದು ತಮಗೆ. ಅಫೀಮಿನ ವರ್ತಕನ ಮತ್ತು ಉಪ್ಪಿನ ಸತ್ಯಾಗ್ರಹಿಯ ನಡುವಿನ ವ್ಯತ್ಯಾಸ ತಿಳಿಯಲು ಕಾನೂನಿನ ಪುಸ್ತಕ ತೆಗೆಯಬೇಕಿಲ್ಲ. ಲಾಭ ಯಾರಿಗೆ, ಪೆಟ್ಟು ಯಾರಿಗೆ ಎಂದು ಕೇಳಿದರೆ ಸಾಕು.

ಸ್ವಾತಂತ್ರ್ಯ ಬಂದ ಮೇಲೂ ನಾವು ಈ ಪ್ರಶ್ನೆ ಕೇಳುವುದನ್ನು ಕಲಿಯಲಿಲ್ಲ. 1968ರ ಚಿನ್ನ ನಿಯಂತ್ರಣ ಕಾಯಿದೆಯ ದಿನಗಳಲ್ಲಿ ದುಬೈಯಿಂದ ಬಂದ ದೋಣಿಗಳಿಂದ ಹತ್ತು ತೊಲೆಯ ಬಿಸ್ಕತ್ತುಗಳು ಇಳಿದವು. ಸಾಲು ಸಾಲು ಕಿರುಜೇಬು ಹೊಲಿದ ಕ್ಯಾನ್ವಾಸ್ ಜಾಕೀಟಿನಲ್ಲಿ ನೂರು ಬಿಸ್ಕತ್ತು, ಅಂದರೆ ಹನ್ನೊಂದೂವರೆ ಕಿಲೋಗೂ ಮಿಕ್ಕಿದ ಚಿನ್ನ, ಒಬ್ಬನ ಮೈಮೇಲೆ ಸಾಗುತ್ತಿತ್ತು. ಜಾಕೀಟು ತೊಟ್ಟವನು ಬಂದರಿನ ಬಡ ಕೂಲಿಯವನು, ಸಿಕ್ಕಿಬಿದ್ದರೆ ಜೈಲು ಅವನಿಗೆ. ಚಿನ್ನ ಸೇರುತ್ತಿದ್ದದ್ದು ನಮ್ಮೆಲ್ಲರ ಮನೆಗಳ ಮದುವೆಗಳಿಗೆ. ‘ಫಾರಿನ್ ಸಾಮಾನು’ ಎಂದು ಗಡಿಯಾರ, ಸೀರೆ, ರೇಡಿಯೋ ಕೊಂಡವರು ಸಭ್ಯ ಗೃಹಸ್ಥರೇ. ತಪ್ಪು ಅರ್ಧ ಸರ್ಕಾರದ್ದು: ಜನರಿಗೆ ಬೇಕಾದದ್ದನ್ನು ಕೈಗೆಟುಕದಂತೆ ಮಾಡಿ ಕಳ್ಳನಿಗೆ ಅಂಗಡಿ ಇಟ್ಟುಕೊಟ್ಟಿತು. 1990ರಲ್ಲಿ ಆ ಕಾಯಿದೆಯನ್ನೇ ತೆಗೆದುಹಾಕಬೇಕಾಯಿತು. ಇನ್ನರ್ಧ ತಪ್ಪು ಕೊಂಡವರದು.

ಅಷ್ಟರಲ್ಲಿ ಕರಾವಳಿಯಲ್ಲಿ ಒಂದು ದಾರಿ ಸಿದ್ಧವಾಗಿಬಿಟ್ಟಿತ್ತು. ಎಲ್ಲಿ ಇಳಿಸಬೇಕು, ಯಾರಿಗೆ ಎಷ್ಟು ಕೊಡಬೇಕು, ಯಾವ ಚೌಕಿಯಲ್ಲಿ ಯಾರು ಅತ್ತ ತಿರುಗಿ ನಿಲ್ಲುತ್ತಾರೆ ಎಂಬುದೆಲ್ಲ ಪಳಗಿದ ದಾರಿ. 1993ರ ಆರಂಭದಲ್ಲಿ ರಾಯಗಡ ಜಿಲ್ಲೆಯ ದಿಘಿ, ಶೇಖಾಡಿಯ ದಂಡೆಗಳಲ್ಲಿ ಆ ದಾರಿಯಲ್ಲೇ ಬಂದೂಕುಗಳೂ ಆರ್‌ಡಿಎಕ್ಸ್ ಸ್ಫೋಟಕವೂ ಇಳಿದವು. ಮಾರ್ಚ್ 12ರ ಮಧ್ಯಾಹ್ನ ಮುಂಬೈಯಲ್ಲಿ ನಡೆದ ಸ್ಫೋಟಗಳಲ್ಲಿ 257 ಜನ ಸತ್ತರು. ಲಂಚ ಪಡೆದು ಮಾಲು ಬಿಟ್ಟ ಕಸ್ಟಮ್ಸ್ ಮತ್ತು ಪೊಲೀಸ್ ಅಧಿಕಾರಿಗಳನ್ನು ವಿಶೇಷ ಟಾಡಾ ನ್ಯಾಯಾಲಯ 2006ರಲ್ಲಿ ತಪ್ಪಿತಸ್ಥರೆಂದು ಸಾರಿತು. ಹಣ ಎಣಿಸಿಕೊಂಡವರು ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳಲಿಲ್ಲ. ಕೇಳದಿರುವುದೇ ಆ ಕೆಲಸದ ಕಟ್ಟಳೆಯಾಗಿತ್ತು. ಸೀರೆಗೂ ಗಡಿಯಾರಕ್ಕೂ ತೆರೆದ ದಾರಿ ಸಾವಿಗೂ ತೆರೆದಿರುತ್ತದೆ ಎಂಬುದನ್ನು ಈ ಊರು ಅಷ್ಟು ದೊಡ್ಡ ಬೆಲೆ ತೆತ್ತು ತಿಳಿಯಬೇಕಾಯಿತು.

ಆಡಳಿತಕ್ಕೆ ಇದರಲ್ಲಿ ಪಾಠವಿದೆ. ತಾನು ನಿಷೇಧಿಸಿದ್ದರಲ್ಲಿ ತಾನೇ ಪಾಲು ಪಡೆಯಬಾರದು. ಜನ ಕದ್ದಾದರೂ ತರುವಷ್ಟು ಸುಂಕ ಹೇರಬಾರದು; 2024ರ ಜುಲೈ ಬಜೆಟ್‌ನಲ್ಲಿ ಚಿನ್ನದ ಆಮದು ಸುಂಕವನ್ನು ಶೇಕಡಾ 15ರಿಂದ 6ಕ್ಕೆ ಇಳಿಸಿದ್ದರ ಹಿಂದೆ ಈ ಹಳೆಯ ಅನುಭವವಿದೆ. ಕಡಲ ದಂಡೆ ಕಾಯುವ ನೌಕರನಿಗೆ ಮರ್ಯಾದೆಯಿಂದ ಬದುಕುವಷ್ಟು ಸಂಬಳವಿರಬೇಕು, ಅವನ ಮೇಲೊಂದು ಕಣ್ಣೂ ಇರಬೇಕು.

ಆದರೆ ಆಡಳಿತ ಎಷ್ಟು ನೆಟ್ಟಗಿದ್ದರೂ ಅದು ದಂಡೆಯವರೆಗೆ ಮಾತ್ರ ಬರಬಲ್ಲದು. ಮನೆಯೊಳಕ್ಕೆ ಬರುವ ಮಾಲಿಗೆ ಸುಂಕದವನು ನಾವೇ. ಬಿಲ್ಲು ಬೇಡವೆಂದರೆ ಕಡಿಮೆಗೆ ಕೊಡುತ್ತೇನೆ ಎನ್ನುವ ಅಂಗಡಿಯಲ್ಲಿ, ಮಗನ ಸಂಬಳಕ್ಕೆ ಮೀರಿದ ಕಾರು ಬಂದು ಮನೆ ಮುಂದೆ ನಿಂತಾಗ, ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಅಪರಿಚಿತನೊಬ್ಬ ದೊಡ್ಡ ಮೊತ್ತ ಬರೆಸಿದಾಗ, ಸಂಘದ ವೇದಿಕೆಯಲ್ಲಿ ಶಾಲು ಹೊದಿಸಲು ದಾನಿಗಳನ್ನು ಹುಡುಕುವಾಗ ನಾವು ಲಕ್ಕಮ್ಮನ ಪ್ರಶ್ನೆಯನ್ನು ನುಂಗಿಕೊಳ್ಳುತ್ತೇವೆ. ಕೇಳಿದರೆ ಸಂಬಂಧ ಕೆಡುತ್ತದೆ, ಕೆಲಸ ನಿಲ್ಲುತ್ತದೆ ಎಂಬ ಅಳುಕು. ಅವಳಿಗೂ ಅಂದು ಜಂಗಮರು ಕಾಯುತ್ತಿದ್ದರು, ಒಲೆ ಹೊತ್ತಿಸಬೇಕಿತ್ತು. ಆದರೂ ಕೇಳಿದಳು. ಒಂದು ಹೊತ್ತಿನ ಊಟ ತಡವಾದರೂ ಚಿಂತೆಯಿಲ್ಲ, ಬೇರೆಯವರ ಪಾಲಿನ ಅಕ್ಕಿ ತನ್ನ ಮಡಕೆಗೆ ಬೀಳಬಾರದು ಎಂಬ ಅವಳ ಹಟವನ್ನು ಒಂದೊಂದು ಮನೆ ಹಿಡಿದರೂ ಸಾಕು, ಕಳ್ಳಮಾಲಿಗೆ ಕೊಳ್ಳುವವರು ಇಲ್ಲವಾಗುತ್ತಾರೆ. ಕೊಳ್ಳುವವರಿಲ್ಲದ ದಂಡೆಗೆ ಯಾರೂ ದೋಣಿ ತರುವುದಿಲ್ಲ.